ಪ್ರತಿವರ್ತಕ ಯಾವುದು, ಉತ್ಪನ್ನ ಯಾವುದು: ಸರಳ ರಾಸಾಯನಿಕ ಸಮೀಕರಣ ಓದುವ ಸಮಗ್ರ ಮಾರ್ಗದರ್ಶಿ

ಬಾಣದ ಎಡಗಡೆ ಇರುವುದು ಪ್ರತಿವರ್ತಕ, ಬಲಗಡೆ ಇರುವುದು ಉತ್ಪನ್ನ. ಹತ್ತನೆಯ ತರಗತಿ ವಿಜ್ಞಾನದ ಮೊದಲ ಅಧ್ಯಾಯ ಓದಿದ ಯಾರನ್ನು ಕೇಳಿದರೂ ಈ ಉತ್ತರ ಸಿಗುತ್ತದೆ. ಉತ್ತರ ಸರಿಯೇ. ಆದರೆ ಬಾಣ ಹಾಕಿ ಸಿದ್ಧಪಡಿಸಿದ ಸಮೀಕರಣ ಎದುರಿಗಿದ್ದಾಗ ಮಾತ್ರ ಅದು ಕೈಹಿಡಿಯುತ್ತದೆ. ಪ್ರಶ್ನೆ ವಾಕ್ಯದ ರೂಪದಲ್ಲಿ ಬಂದರೆ, ಒಂದು ವಸ್ತು ಗಾಳಿಯಿಂದ ಬಂದು ಸೇರಿಕೊಂಡಿದ್ದರೆ, ಬಾಣದ ಮೇಲೆ ಇನ್ನೇನನ್ನೋ ಬರೆದಿದ್ದರೆ ವಿದ್ಯಾರ್ಥಿಗಳು ಅಲ್ಲೇ ಮುಗ್ಗರಿಸುತ್ತಾರೆ. ಕ್ರಿಯೆ ಶುರುವಾಗುವ ಮೊದಲು ಇದ್ದು, ಕ್ರಿಯೆಯಲ್ಲಿ ಖರ್ಚಾಗುವುದು ಪ್ರತಿವರ್ತಕ. ಮೊದಲು ಇಲ್ಲದೆ, ಕ್ರಿಯೆಯಿಂದ ಹುಟ್ಟುವುದು ಉತ್ಪನ್ನ. ಈ ಎರಡು ಮಾತು ತಲೆಯಲ್ಲಿದ್ದರೆ ಬಾಣ ಇಲ್ಲದಿದ್ದರೂ ಹಾದಿ ತಪ್ಪುವುದಿಲ್ಲ.

ಉದಾಹರಣೆಗಳನ್ನು ಆದಷ್ಟೂ ಶಿವಮೊಗ್ಗ ಮತ್ತು ಮಲೆನಾಡಿನ ಮನೆ, ತೋಟ, ಕುಲುಮೆಗಳಿಂದಲೇ ಆರಿಸಿದ್ದೇವೆ. ಸೂತ್ರಗಳ ಬದಲು ಹೆಸರುಗಳಲ್ಲೇ, ಅಂದರೆ ಪದಸಮೀಕರಣವಾಗಿ ಬರೆದಿದ್ದೇವೆ. ಗುರುತಿಸುವ ಕೆಲಸಕ್ಕೆ ಹೆಸರು ಸಾಕು.

ಮೊದಲ ಹೆಜ್ಜೆ: ಕ್ರಿಯೆ ನಡೆದಿದೆಯೇ ನೋಡಿ

ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುತ್ತದೆ. ಉಪ್ಪು ಗಾಳಿಯ ತೇವ ಹೀರಿ ಕರಗಿತು, ಅಷ್ಟೇ. ಒಲೆಯ ಮೇಲಿಟ್ಟು ಆರಿಸಿದರೆ ಅದೇ ಉಪ್ಪು ಮರಳಿ ಸಿಗುತ್ತದೆ. ಜೋಗದ ಕಣಿವೆಯಲ್ಲಿ ಏಳುವ ನೀರಹನಿಯ ಮಂಜು, ಕುದಿಯುವ ನೀರಿನ ಹಬೆ, ಕಾಯಿಸಿದಾಗ ಕರಗುವ ತುಪ್ಪ ಇವೆಲ್ಲ ಭೌತ ಬದಲಾವಣೆಗಳು. ಹೊಸ ವಸ್ತು ಹುಟ್ಟದ ಕಡೆ ಪ್ರತಿವರ್ತಕವೂ ಇಲ್ಲ, ಉತ್ಪನ್ನವೂ ಇಲ್ಲ.

ಬಣ್ಣ ಬದಲಾಗುವುದು, ಗುಳ್ಳೆ ಏಳುವುದು, ತಿಳಿಯಾದ ಎರಡು ದ್ರಾವಣ ಸೇರಿದಾಗ ಕರಗದ ಘನ, ಅಂದರೆ ಪ್ರಕ್ಷೇಪ, ತಳಕ್ಕೆ ಇಳಿಯುವುದು, ಹೊರಗಿನಿಂದ ಬಿಸಿ ಕೊಡದೆಯೂ ಪಾತ್ರೆ ಬಿಸಿಯಾಗುವುದು ರಾಸಾಯನಿಕ ಕ್ರಿಯೆಯ ಸುಳಿವುಗಳು. ಸುಳಿವು ಮಾತ್ರ, ಸಾಕ್ಷ್ಯ ಅಲ್ಲ. ನೀರು ಕುದಿಯುವಾಗಲೂ ಗುಳ್ಳೆ ಏಳುತ್ತದೆ. ಆ ಗುಳ್ಳೆಯೊಳಗೆ ಇರುವುದು ನೀರೇ ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಎರಡನೆಯ ಹೆಜ್ಜೆ: ವಾಕ್ಯವನ್ನು ಬಾಣವಾಗಿ ತಿರುಗಿಸಿ

ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲಿ. ವಾಕ್ಯದಲ್ಲಿ ಯಾವ ಹೆಸರು ಮೊದಲು ಬರುತ್ತದೋ ಅದನ್ನೇ ಎಡಗಡೆ ಬರೆಯುವ ಅಭ್ಯಾಸ ತುಂಬ ಜನರಿಗಿದೆ. ಈ ವಾಕ್ಯ ನೋಡಿ: "ಹೈಡ್ರೋಜನ್ ಅನಿಲವನ್ನು ಸತುವಿನ ಚೂರುಗಳಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಪಡೆಯಬಹುದು, ಪಾತ್ರೆಯಲ್ಲಿ ಸತುವಿನ ಸಲ್ಫೇಟ್ ಉಳಿಯುತ್ತದೆ." ಹೈಡ್ರೋಜನ್ ಮೊದಲು ಬಂದಿದೆ, ಆದರೆ ಅದು ಉತ್ಪನ್ನ.

ಸತು + ಸಲ್ಫ್ಯೂರಿಕ್ ಆಮ್ಲ → ಸತುವಿನ ಸಲ್ಫೇಟ್ + ಹೈಡ್ರೋಜನ್

ಹೆಸರಿನ ಸ್ಥಾನ ಬಿಟ್ಟು ಕ್ರಿಯಾಪದಕ್ಕೆ ಗಮನ ಕೊಡಿ. "ಸೇರಿಸಿದಾಗ", "ಕಾಯಿಸಿದಾಗ", "ವರ್ತಿಸಿ", "ಉರಿದು", "ಹಾಯಿಸಿದಾಗ" ಎಂಬ ಪದಗಳಿಗೆ ಅಂಟಿಕೊಂಡ ವಸ್ತುಗಳು ಸಾಮಾನ್ಯವಾಗಿ ಪ್ರತಿವರ್ತಕಗಳು. "ಉಂಟಾಗುತ್ತದೆ", "ಬಿಡುಗಡೆಯಾಗುತ್ತದೆ", "ದೊರೆಯುತ್ತದೆ", "ಉಳಿಯುತ್ತದೆ" ಎಂಬುವುಗಳ ಜೊತೆ ಬಂದವು ಉತ್ಪನ್ನಗಳು. "ಇಂದ" ಎಂಬ ಪ್ರತ್ಯಯದ ಬಗ್ಗೆ ಮಾತ್ರ ಹುಷಾರಾಗಿರಿ. "ಸುಣ್ಣಕಲ್ಲಿನಿಂದ ಸುಟ್ಟಸುಣ್ಣ ಸಿಗುತ್ತದೆ" ಎಂದಾಗ ಸುಣ್ಣಕಲ್ಲು ಪ್ರತಿವರ್ತಕ. "ಶಾಖದಿಂದ ವಿಭಜನೆಯಾಗುತ್ತದೆ" ಎಂದಾಗ ಶಾಖ ವಸ್ತುವೇ ಅಲ್ಲ, ಅದು ಕ್ರಿಯೆ ನಡೆಯಲು ಬೇಕಾದ ಪರಿಸ್ಥಿತಿ. ತೂಕ ಇಲ್ಲದ್ದು ಪ್ರತಿವರ್ತಕ ಆಗಲಾರದು. ಬೆಳಕು, ಶಾಖ, ವಿದ್ಯುತ್ತು ಮೂರಕ್ಕೂ ಈ ಮಾತು ಒಪ್ಪುತ್ತದೆ.

"ಸಾರರಿಕ್ತ", "ಬಿಸಿಯಾದ", "ಪುಡಿ ಮಾಡಿದ", "ಶುದ್ಧ" ಎಂಬ ವಿಶೇಷಣಗಳು ವಸ್ತುವಿನ ಹೆಸರಿನ ಭಾಗವಲ್ಲ. ಸಮೀಕರಣಕ್ಕೆ ಹೋಗುವುದು ಹೆಸರು ಮಾತ್ರ.

ಮೂರನೆಯ ಹೆಜ್ಜೆ: ತುಂಡು ತುಂಡಾಗಿ ಓದಿ

ಪ್ಲಸ್ ಗುರುತು ಎರಡು ವಸ್ತುಗಳ ನಡುವಿನ ಗಡಿ. ಎರಡು ಪ್ಲಸ್‌ಗಳ ನಡುವೆ ಇರುವುದೆಲ್ಲ ಸೇರಿ ಒಂದೇ ವಸ್ತು. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ, ಕಾರ್ಬನ್, ಆಕ್ಸಿಜನ್ ಮೂರೂ ಇವೆ ಎಂದು ಮೂರು ಪ್ರತಿವರ್ತಕ ಎಣಿಸುವವರಿದ್ದಾರೆ. ಧಾತು ಮೂರು, ಪ್ರತಿವರ್ತಕ ಒಂದೇ.

ಹೆಸರಿನ ಮುಂದಿನ ದೊಡ್ಡ ಅಂಕಿ ಎಷ್ಟು ಅಣು ಎಂಬುದನ್ನು ಹೇಳುತ್ತದೆ. ಸೂತ್ರದೊಳಗೆ ಕೆಳಗೆ ಬರೆದ ಸಣ್ಣ ಅಂಕಿ ಒಂದು ಅಣುವಿನಲ್ಲಿ ಆ ಧಾತುವಿನ ಪರಮಾಣು ಎಷ್ಟು ಎಂಬುದನ್ನು ಹೇಳುತ್ತದೆ. ಸರಿದೂಗಿಸುವಾಗ, ಅಂದರೆ ಎರಡೂ ಕಡೆಯ ಪರಮಾಣುಗಳ ಎಣಿಕೆಯನ್ನು ಸಮ ಮಾಡುವಾಗ, ದೊಡ್ಡ ಅಂಕಿಯನ್ನು ಬದಲಿಸಬಹುದು. ಸಣ್ಣ ಅಂಕಿಯನ್ನು ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ: ನೀರಿನಲ್ಲಿ ಆಕ್ಸಿಜನ್ ಒಂದು, ಅದನ್ನು ಎರಡು ಮಾಡಿದರೆ ಹೈಡ್ರೋಜನ್ ಪೆರಾಕ್ಸೈಡ್. ಅಕ್ಷರದ ಗಾತ್ರಕ್ಕೂ ಇಷ್ಟೇ ಬೆಲೆಯಿದೆ. ದೊಡ್ಡ "ಸಿ", ದೊಡ್ಡ "ಓ" ಬರೆದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ದೊಡ್ಡ "ಸಿ", ಸಣ್ಣ "ಓ" ಬರೆದರೆ ಕೋಬಾಲ್ಟ್ ಎಂಬ ಲೋಹ.

ಆವರಣದೊಳಗಿನ ಎಸ್, ಎಲ್, ಜಿ, ಎಕ್ಯೂ ಕ್ರಮವಾಗಿ ಘನ, ದ್ರವ, ಅನಿಲ, ಜಲೀಯ ದ್ರಾವಣ ಎಂದು ಹೇಳುತ್ತವೆ. ಬಲಗಡೆ ಮೇಲ್ಮುಖ ಬಾಣ ಇದ್ದರೆ ಆ ಉತ್ಪನ್ನ ಅನಿಲವಾಗಿ ಹೊರಹೋಗುತ್ತದೆ, ಕೆಳಮುಖ ಬಾಣ ಇದ್ದರೆ ಪ್ರಕ್ಷೇಪವಾಗಿ ಇಳಿಯುತ್ತದೆ. ಎದುರುಬದುರಾಗಿ ಎರಡು ಅರೆಬಾಣ ಹಾಕಿದ್ದರೆ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ ಎಂದರ್ಥ. ಆಗಲೂ ಬರೆದಿರುವ ರೂಪದಲ್ಲಿ ಎಡಗಡೆಯದನ್ನೇ ಪ್ರತಿವರ್ತಕ ಎನ್ನುತ್ತೇವೆ.

ಬಾಣದ ಮೇಲೆ, ಕೆಳಗೆ ಬರೆದದ್ದು ಎರಡೂ ಗುಂಪಿಗೆ ಸೇರುವುದಿಲ್ಲ. ದ್ಯುತಿಸಂಶ್ಲೇಷಣೆಯಲ್ಲಿ ಕ್ಲೋರೊಫಿಲ್ ಮತ್ತು ಸೂರ್ಯನ ಬೆಳಕು ಅಲ್ಲಿರುತ್ತವೆ. ಕ್ಲೋರೊಫಿಲ್ ಇಲ್ಲದೆ ಕ್ರಿಯೆ ನಡೆಯದು, ಆದರೂ ಸಮೀಕರಣದ ಲೆಕ್ಕದಲ್ಲಿ ಅದು ಖರ್ಚಾಗುವುದಿಲ್ಲ. ಪಠ್ಯದ ಸಮೀಕರಣ ಹೀಗಿದೆ:

6 ಕಾರ್ಬನ್ ಡೈಆಕ್ಸೈಡ್ + 12 ನೀರು → ಗ್ಲುಕೋಸ್ + 6 ಆಕ್ಸಿಜನ್ + 6 ನೀರು

ನೀರು ಎರಡೂ ಕಡೆ ಇದೆ. ತಪ್ಪಲ್ಲ. ಬಿಡುಗಡೆಯಾಗುವ ಆಕ್ಸಿಜನ್ ಪೂರ್ತಿ ನೀರಿನಿಂದಲೇ ಬರುತ್ತದೆ. 6 ಅಣು ಆಕ್ಸಿಜನ್ನಿಗೆ 12 ಅಣು ನೀರು ಒಡೆಯಬೇಕು. ಬಲಗಡೆಯ 6 ನೀರು ಹೊಸದಾಗಿ ಹುಟ್ಟಿದ್ದು. ಇಲ್ಲಿ ನೀರನ್ನು ಎರಡೂ ಪಟ್ಟಿಯಲ್ಲಿ ಬರೆಯುವುದೇ ಸರಿ.

ನಾಲ್ಕನೆಯ ಹೆಜ್ಜೆ: ಕಣ್ಣಿಗೆ ಕಾಣದ್ದನ್ನು ಹುಡುಕಿ

"ಮೆಗ್ನೀಸಿಯಂ ಪಟ್ಟಿ ಉರಿದು ಬಿಳಿ ಬೂದಿಯಾಯಿತು" ಎಂದಷ್ಟೇ ಹೇಳಿದರೆ ಪ್ರತಿವರ್ತಕ ಒಂದೇ ಎನಿಸುತ್ತದೆ. ತೂಗಿ ನೋಡಿದರೆ ಬೂದಿಯೇ ಹೆಚ್ಚು ತೂಗುತ್ತದೆ: 24 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದರೆ 40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್. ಹೆಚ್ಚಿದ 16 ಗ್ರಾಂ ಗಾಳಿಯ ಆಕ್ಸಿಜನ್. ಉರಿಯುವ, ತುಕ್ಕು ಹಿಡಿಯುವ ಯಾವ ಕ್ರಿಯೆ ಸಿಕ್ಕರೂ ಮೊದಲು ಆಕ್ಸಿಜನ್ನನ್ನು ನೆನೆಯಿರಿ.

ಮಲೆನಾಡಿನ ಎಷ್ಟೋ ಮನೆಗಳಲ್ಲಿರುವ ಗೋಬರ್ ಗ್ಯಾಸ್ ಒಲೆ ಇದಕ್ಕೆ ಒಳ್ಳೆಯ ಪಾಠ.

ಮೀಥೇನ್ + 2 ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್ + 2 ನೀರು

ಪೈಪಿನಲ್ಲಿ ಬರುವುದು ಶುದ್ಧ ಮೀಥೇನ್ ಅಲ್ಲ. ಅದರ ಜೊತೆ ಗಣನೀಯ ಪ್ರಮಾಣದ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದು ಒಲೆಯೊಳಗೆ ಹೋಗುತ್ತದೆ, ಹಾಗೇ ಹೊರಬರುತ್ತದೆ, ಉರಿಯುವುದಿಲ್ಲ. ಆದ್ದರಿಂದ ಒಲೆಗೆ ಹೋಯಿತೆಂಬ ಕಾರಣಕ್ಕೆ ಅದನ್ನು ಪ್ರತಿವರ್ತಕ ಎನ್ನಲಾಗದು. ಗಾಳಿಯ ನೈಟ್ರೋಜನ್ನಿಗೂ ಇದೇ ಮಾತು. ಇನ್ನು ಉತ್ಪನ್ನದ ಪಟ್ಟಿಯಲ್ಲಿರುವ ನೀರನ್ನು ಕಣ್ಣಾರೆ ನೋಡಬಹುದು: ತಣ್ಣೀರು ತುಂಬಿದ ಪಾತ್ರೆಯ ಹೊರಭಾಗವನ್ನು ಚೆನ್ನಾಗಿ ಒರೆಸಿ ಉರಿಯ ಮೇಲಿಡಿ. ಸ್ವಲ್ಪ ಹೊತ್ತಿನಲ್ಲೇ ತಳ ಬೆವರುತ್ತದೆ. ಪಾತ್ರೆ ಬಿಸಿಯಾದ ಮೇಲೆ ಆ ತೇವ ಆರಿಹೋಗುವುದರಿಂದ ಇಟ್ಟ ಕೂಡಲೇ ಗಮನಿಸಬೇಕು.

ಐದನೆಯ ಹೆಜ್ಜೆ: ತಾಳೆ ನೋಡಿ

ಎಡಗಡೆ ಇಲ್ಲದ ಧಾತು ಬಲಗಡೆ ಹುಟ್ಟುವುದಿಲ್ಲ, ಎಡಗಡೆ ಇದ್ದದ್ದು ಮಾಯವಾಗುವುದೂ ಇಲ್ಲ. ಪಟ್ಟಿ ಸರಿಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕಸ್ಥ ದಾರಿ ಇನ್ನೊಂದಿಲ್ಲ. ಒಂದು ಕಾಗದದಲ್ಲಿ ಧಾತುಗಳ ಹೆಸರನ್ನು ಒಂದರ ಕೆಳಗೊಂದು ಬರೆದು, ಎರಡೂ ಕಡೆಯ ಪರಮಾಣು ಎಣಿಸಿ. ಮೇಲಿನ ಒಲೆಯ ಕ್ರಿಯೆಯಲ್ಲಿ ಕಾರ್ಬನ್ 1 ಮತ್ತು 1, ಹೈಡ್ರೋಜನ್ 4 ಮತ್ತು 4, ಆಕ್ಸಿಜನ್ 4 ಮತ್ತು 4. ಒಂದು ಧಾತು ಒಂದೇ ಕಡೆ ಕಂಡರೆ ಒಂದು ವಸ್ತುವನ್ನು ಬಿಟ್ಟಿದ್ದೀರಿ, ಬಹುಪಾಲು ಸಂದರ್ಭದಲ್ಲಿ ಅದು ಅನಿಲ ಅಥವಾ ನೀರು. ಧಾತುಗಳೆಲ್ಲ ಎರಡೂ ಕಡೆ ಇದ್ದು ಸಂಖ್ಯೆ ಮಾತ್ರ ಹೊಂದದಿದ್ದರೆ, ಸೂತ್ರಗಳು ಸರಿಯಿವೆಯೇ ನೋಡಿಕೊಂಡು ಸರಿದೂಗಿಸಿ. ಆಗಲೂ ಹೊಂದದಿದ್ದರೆ ಮತ್ತೆ ಯಾವುದೋ ವಸ್ತು ಬಿಟ್ಟುಹೋಗಿದೆ.

ಒಂದೇ ವಸ್ತು, ಎರಡು ಪಾತ್ರ

"ಕಾರ್ಬನ್ ಡೈಆಕ್ಸೈಡ್ ಯಾವಾಗಲೂ ಉತ್ಪನ್ನ", "ಆಮ್ಲ ಯಾವಾಗಲೂ ಪ್ರತಿವರ್ತಕ" ಎಂದು ಕಂಠಪಾಠ ಮಾಡುವುದನ್ನು ಮೊದಲು ಬಿಡಬೇಕು. ಸುಣ್ಣದ ಕಥೆ ನೋಡಿದರೆ ಕಾರಣ ತಿಳಿಯುತ್ತದೆ. ಸುಣ್ಣಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟಾಗ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್

100 ಕಿಲೋ ಶುದ್ಧ ಕಲ್ಲಿಗೆ 56 ಕಿಲೋ ಸುಟ್ಟಸುಣ್ಣ, 44 ಕಿಲೋ ಅನಿಲ. ಗೂಡಿನಿಂದ ಹೊರತೆಗೆದ ಸುಣ್ಣ ಹಗುರವಾಗಿರುವುದು ಇದಕ್ಕೇ. ಗೂಡಿಗೆ ಕಟ್ಟಿಗೆಯನ್ನೋ ಇದ್ದಿಲನ್ನೋ ತುಂಬುತ್ತಾರಲ್ಲ, ಅದು ಈ ಸಮೀಕರಣದ ಪ್ರತಿವರ್ತಕ ಅಲ್ಲ. ಅದು ಉರಿಯುವುದು ಇನ್ನೊಂದು ಕ್ರಿಯೆ, ಅದಕ್ಕೆ ಬೇರೆ ಸಮೀಕರಣ. ಒಂದೇ ಗೂಡಿನಲ್ಲಿ ಎರಡು ಕ್ರಿಯೆ ಒಟ್ಟಿಗೆ ನಡೆದಾಗ ಎರಡನ್ನೂ ಬಿಡಿಸಿ ಬರೆಯಬೇಕು.

ಸುಟ್ಟಸುಣ್ಣವನ್ನು ನೀರಿಗೆ ಹಾಕಿ ಅರಳಿಸಿದಾಗ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್

ನೀರು ಕೊತಕೊತ ಕುದಿಯುವಷ್ಟು ಶಾಖ ಬಿಡುಗಡೆಯಾಗುತ್ತದೆ. ಆ ಶಾಖವನ್ನು ಬಲಗಡೆ ಬರೆಯುವ ರೂಢಿ ಇದ್ದರೂ ಅದು ವಸ್ತುರೂಪದ ಉತ್ಪನ್ನ ಅಲ್ಲ. ಗೋಡೆಗೆ ಬಳಿದ ಸುಣ್ಣ ಎರಡು ಮೂರು ದಿನದಲ್ಲಿ ಗಟ್ಟಿಯಾಗಿ ಹೊಳೆಯುವಾಗ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬೊನೇಟ್ + ನೀರು

ಮೊದಲ ಕ್ರಿಯೆಯ ಉತ್ಪನ್ನ ಎರಡನೆಯದರಲ್ಲಿ ಪ್ರತಿವರ್ತಕ, ಎರಡನೆಯದರ ಉತ್ಪನ್ನ ಮೂರನೆಯದರಲ್ಲಿ ಪ್ರತಿವರ್ತಕ. ಕೊನೆಗೆ ಹೊರಟ ವಸ್ತುವಿಗೇ ಬಂದು ನಿಂತೆವು. "ಪ್ರತಿವರ್ತಕ" ಎಂಬುದು ವಸ್ತುವಿನ ಗುಣ ಅಲ್ಲ, ಆ ಒಂದು ಕ್ರಿಯೆಯಲ್ಲಿ ಅದಕ್ಕಿರುವ ಪಾತ್ರ.

ಬೋರ್ಡೋ ಡ್ರಮ್ಮಿನಲ್ಲಿ ಏನು ನಡೆಯುತ್ತದೆ

ಅಡಿಕೆ ಬೆಳೆಯುವ ಊರಿನ ವಿದ್ಯಾರ್ಥಿಗೆ ಇಡೀ ವಿಷಯವನ್ನು ಒಂದೇ ಕಡೆ ತೋರಿಸುವ ಪ್ರಯೋಗ ಮನೆಯಂಗಳದಲ್ಲೇ ಇದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿತೋಟಗಳಿಗಾಗಿ ಸಸ್ಯವಿಜ್ಞಾನಿ ಮಿಲ್ಲಾರ್ಡೆ 1885ರಲ್ಲಿ ಪ್ರಕಟಿಸಿದ ಬೋರ್ಡೋ ದ್ರಾವಣ ಎಂಬ ಔಷಧಿಯನ್ನೇ ಮಲೆನಾಡಿನಲ್ಲಿ ಕೊಳೆರೋಗಕ್ಕೆ ಹೊಡೆಯುತ್ತಾರೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ, ಅರಳಿಸಿ ಸೋಸಿದ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕದಡಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುಗಿಸುತ್ತಿರಬೇಕು. ಸರಳ ರೂಪದ ಸಮೀಕರಣ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ನಿಜವಾದ ಡ್ರಮ್ಮಿನಲ್ಲಿ ತಾಮ್ರದ ಪ್ರತ್ಯಾಮ್ಲೀಯ ಸಲ್ಫೇಟುಗಳೂ ಸೇರಿ ಮಿಶ್ರಣ ಇನ್ನೂ ಜಟಿಲವಾಗಿರುತ್ತದೆ, ಶಾಲೆಯ ಮಟ್ಟಕ್ಕೆ ಈ ರೂಪ ಸಾಕು. ತಿಳಿನೀಲಿ ಬಣ್ಣದ ಹಿಂಡಿಹಿಂಡಿ ಪ್ರಕ್ಷೇಪ ಕಂಡಾಗ ಉತ್ಪನ್ನ ಕಣ್ಣೆದುರಿಗೇ ಇದೆ. ನೀರು? ಅದು ಎರಡನ್ನೂ ಕರಗಿಸಿ ಕದಡಿಕೊಳ್ಳಲು ಬಳಸಿದ ಮಾಧ್ಯಮ, ಈ ಸಮೀಕರಣದಲ್ಲಿ ಪ್ರತಿವರ್ತಕ ಅಲ್ಲ. 100 ಲೀಟರ್ ಇದ್ದರೂ ಅಲ್ಲ. ಪ್ರಮಾಣ ಹೆಚ್ಚಿದೆ ಎಂಬುದು ಪ್ರತಿವರ್ತಕದ ಲಕ್ಷಣ ಅಲ್ಲವೇ ಅಲ್ಲ.

ಇನ್ನೊಂದು ಸೂಕ್ಷ್ಮ. ಸಮೀಕರಣದ ಲೆಕ್ಕದಂತೆ 1 ಕಿಲೋ ಮೈಲುತುತ್ತದ ಹರಳಿಗೆ ಸುಮಾರು 300 ಗ್ರಾಂ ಶುದ್ಧ ಅರಳಿದ ಸುಣ್ಣ ಸಾಕು. ಹಾಕುವುದು 1 ಕಿಲೋ. ಉಳಿದ ಸುಣ್ಣ ಡ್ರಮ್ಮಿನಲ್ಲೇ ಇರುತ್ತದೆ. ಕೊನೆಯಲ್ಲಿ ಡ್ರಮ್ಮಿನಲ್ಲಿ ಇದೆ ಎಂಬ ಕಾರಣಕ್ಕೆ ಅದನ್ನು ಉತ್ಪನ್ನ ಎನ್ನಬೇಡಿ. ಅದು ಖರ್ಚಾಗದೆ ಉಳಿದ ಪ್ರತಿವರ್ತಕ. ಪ್ರಶ್ನೆಪತ್ರಿಕೆಯಲ್ಲಿ "ಹೆಚ್ಚುವರಿ ಪ್ರಮಾಣದಲ್ಲಿ" ಎಂಬ ಪದ ಬಂದಾಗ ನೆನಪಿಡಬೇಕಾದದ್ದು ಇದೇ.

ಸುಣ್ಣವನ್ನು ಇಷ್ಟು ಹೆಚ್ಚು ಹಾಕಲು ಕಾರಣವಿದೆ. ಪೇಟೆಯ ಸುಣ್ಣ ಶುದ್ಧವಾಗಿರುವುದಿಲ್ಲ. ಬಾಯಿ ಕಟ್ಟದೆ ಬಿಟ್ಟ ಚೀಲದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ, ಗೋಡೆಯ ಮೇಲಿನ ಸುಣ್ಣದಂತೆಯೇ ಕಾರ್ಬೊನೇಟ್ ಆಗಿಬಿಡುತ್ತದೆ. ಆಗ 1 ಕಿಲೋ ಹಾಕಿದರೂ ಬೇಕಾದ ಪ್ರತಿವರ್ತಕ ಸಾಲುವುದಿಲ್ಲ, ತಾಮ್ರದ ಸಲ್ಫೇಟ್ ಹಾಗೇ ಉಳಿದು ಅಡಿಕೆಯ ಗೊನೆಯನ್ನೂ ಎಲೆಯನ್ನೂ ಸುಡುತ್ತದೆ. ಅದನ್ನು ಪತ್ತೆ ಮಾಡಲು ತೋಟದಲ್ಲಿ ಮಾಡುವ ಪರೀಕ್ಷೆಯೂ ಒಂದು ಸಮೀಕರಣವೇ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ:

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಕೆಂಪು ಲೇಪ ತಾಮ್ರ, ಅಂದರೆ ಉತ್ಪನ್ನ. ಕತ್ತಿಯ ಕಬ್ಬಿಣ ಪ್ರತಿವರ್ತಕ. ಇನ್ನೊಂದು ಉತ್ಪನ್ನವಾದ ಕಬ್ಬಿಣದ ಸಲ್ಫೇಟ್ ನೀರಿನಲ್ಲಿ ಕರಗಿರುವುದರಿಂದ ಕಾಣುವುದಿಲ್ಲ. ಪಟ್ಟಿಯಿಂದ ಬಿಟ್ಟುಹೋಗುವುದೂ ಅದೇ. ಕಬ್ಬಿಣ ಎಲ್ಲಿ ಹೋಯಿತು, ಸಲ್ಫೇಟ್ ಎಲ್ಲಿ ಹೋಯಿತು ಎಂದು ತಾಳೆ ನೋಡಿದರೆ ತಾನಾಗಿ ಸಿಗುತ್ತದೆ. ಲೇಪ ಕಂಡಾಗ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಕತ್ತಿಯನ್ನು ಮತ್ತೆ ಉಜ್ಜಿ ಪರೀಕ್ಷಿಸಬೇಕು. ತುಕ್ಕು ಅಥವಾ ಎಣ್ಣೆ ಹಿಡಿದ ಕತ್ತಿಯಾದರೆ ಲೋಹಕ್ಕೆ ದ್ರಾವಣ ತಾಗದೆ ಫಲಿತಾಂಶ ಮೋಸಮಾಡುತ್ತದೆ. ಮೈಲುತುತ್ತ ಕರಗಿಸಲು ಕಬ್ಬಿಣದ ಬಕೆಟ್ ಬೇಡ ಎನ್ನುವುದಕ್ಕೂ ಇದೇ ಸಮೀಕರಣ ಕಾರಣ: ಬಕೆಟ್ಟೇ ಪ್ರತಿವರ್ತಕವಾಗಿ ಸವೆಯುತ್ತದೆ, ಔಷಧಿಯ ತಾಮ್ರ ಬಕೆಟ್ಟಿಗೆ ಅಂಟಿಕೊಳ್ಳುತ್ತದೆ.

ಮೈಲುತುತ್ತ ವಿಷ, ಅಡುಗೆಯ ಪಾತ್ರೆಗೆ ತಾಗಿಸಬೇಡಿ. ಸುಣ್ಣ ಅರಳಿಸುವಾಗ ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಿ, ಮಕ್ಕಳು ದೊಡ್ಡವರ ಜೊತೆಯಲ್ಲೇ ನೋಡಲಿ.

ಭದ್ರಾವತಿಯ ಕುಲುಮೆ: ಸರಪಳಿ ಕ್ರಿಯೆಗಳನ್ನು ಬಿಡಿಸುವುದು

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿದ್ದರು. ಊದುಕುಲುಮೆಗೆ ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲು ಸುರಿದು, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಒಳಗೆ ನಡೆಯುವ ಮುಖ್ಯ ಕ್ರಿಯೆಗಳು:

ಕಾರ್ಬನ್ + ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್
ಕಾರ್ಬನ್ ಡೈಆಕ್ಸೈಡ್ + ಕಾರ್ಬನ್ → 2 ಕಾರ್ಬನ್ ಮೊನಾಕ್ಸೈಡ್
ಕಬ್ಬಿಣದ ಆಕ್ಸೈಡ್ + 3 ಕಾರ್ಬನ್ ಮೊನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

"ಅದಿರಿನಿಂದ ಕಬ್ಬಿಣ ಬಿಡಿಸುವ ಕ್ರಿಯೆಯ ಪ್ರತಿವರ್ತಕಗಳನ್ನು ಹೆಸರಿಸಿ" ಎಂದರೆ ಮೂರನೆಯ ಸಾಲನ್ನೇ ನೋಡಬೇಕು. ಕಾರ್ಬನ್ ಮೊನಾಕ್ಸೈಡನ್ನು ಯಾರೂ ಕುಲುಮೆಗೆ ತುಂಬಿದ್ದಲ್ಲ, ಅದು ಎರಡನೆಯ ಸಾಲಿನ ಉತ್ಪನ್ನ. ಆದರೂ ಮೂರನೆಯ ಸಾಲಿಗೆ ಅದೇ ಪ್ರತಿವರ್ತಕ. ಹೊರಗಿನಿಂದ ಹಾಕಿದ್ದರ ಪಟ್ಟಿ ಬೇರೆ, ಒಂದೊಂದು ಕ್ರಿಯೆಯ ಪ್ರತಿವರ್ತಕಗಳ ಪಟ್ಟಿ ಬೇರೆ. ಸುಣ್ಣಕಲ್ಲು ಮೊದಲು ಸುಟ್ಟಸುಣ್ಣವಾಗಿ, ಅದಿರಿನ ಮರಳಿನಂಶವಾದ ಸಿಲಿಕಾ ಜೊತೆ ಸೇರಿ ಕ್ಯಾಲ್ಸಿಯಂ ಸಿಲಿಕೇಟ್ ಎಂಬ ಕಿಟ್ಟವಾಗುತ್ತದೆ. ಅದನ್ನು ಎರಡು ಸಾಲಿನಲ್ಲಿ ನೀವೇ ಬರೆದು ನೋಡಿ.

ಕೈಪಳಗಿಸಲು ಕೆಲವು

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಬರೆಯಿರಿ.

ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದಾಗ ಆಕ್ಸಿಜನ್ ಗುಳ್ಳೆಗಳು ಏಳುತ್ತವೆ. ಪ್ರತಿವರ್ತಕ ಹೈಡ್ರೋಜನ್ ಪೆರಾಕ್ಸೈಡ್ ಒಂದೇ. ಉತ್ಪನ್ನಗಳು ನೀರು, ಆಕ್ಸಿಜನ್. ಕಪ್ಪುಪುಡಿ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಬಾಣದ ಮೇಲೆ ಹೋಗುತ್ತದೆ. ಸೋಸಿ ಒಣಗಿಸಿದರೆ ಹಾಕಿದಷ್ಟೇ ಸಿಗುತ್ತದೆ.

ಆಗುಂಬೆಯ ಮಳೆಗೆ ಮಾಡಿನ ತಗಡಿನ ಮೊಳೆ ತುಕ್ಕು ಹಿಡಿಯಿತು. ಪ್ರತಿವರ್ತಕಗಳು ಮೂರು: ಕಬ್ಬಿಣ, ಆಕ್ಸಿಜನ್, ನೀರು. ಉತ್ಪನ್ನ ಒಂದು: ಜಲಯುಕ್ತ ಕಬ್ಬಿಣದ ಆಕ್ಸೈಡ್. ಆಕ್ಸಿಜನ್ ಬಿಟ್ಟು ಬರೆಯುವವರೇ ಹೆಚ್ಚು. ಕುದಿಸಿ ಗಾಳಿ ಹೊರಹಾಕಿದ ನೀರಿನ ಮೇಲೆ ಎಣ್ಣೆಯ ಪದರ ಹಾಕಿದ ನಳಿಕೆಯಲ್ಲಿ ಮೊಳೆಗೆ ತುಕ್ಕು ಹಿಡಿಯದಿರುವುದು ಅದರ ಪಾತ್ರಕ್ಕೆ ಸಾಕ್ಷಿ.

ಬಿಳಿಯ ಸಿಲ್ವರ್ ಕ್ಲೋರೈಡನ್ನು ಬಿಸಿಲಿಗಿಟ್ಟಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಪ್ರತಿವರ್ತಕ ಸಿಲ್ವರ್ ಕ್ಲೋರೈಡ್, ಉತ್ಪನ್ನಗಳು ಬೆಳ್ಳಿ ಮತ್ತು ಕ್ಲೋರಿನ್. ಬೂದುಬಣ್ಣ ಬೆಳ್ಳಿಯದು. ಬಿಸಿಲು ಬಾಣದ ಮೇಲೆ.

ಅಡುಗೆ ಸೋಡವನ್ನು ಕಾಯಿಸಿದಾಗ ವಾಷಿಂಗ್ ಸೋಡದ ಜಲರಹಿತ ರೂಪ ಉಳಿಯುತ್ತದೆ. ಪ್ರತಿವರ್ತಕ ಸೋಡಿಯಂ ಬೈಕಾರ್ಬೊನೇಟ್, 2 ಅಣು. ಉತ್ಪನ್ನ ಸೋಡಿಯಂ ಕಾರ್ಬೊನೇಟ್ ಎಂದಷ್ಟೇ ಬರೆದು ತಾಳೆ ನೋಡಿದರೆ ಬಲಗಡೆ ಹೈಡ್ರೋಜನ್ ಎಲ್ಲೂ ಸಿಗುವುದಿಲ್ಲ, ಕಾರ್ಬನ್ ಒಂದು ಕಡಿಮೆ ಬೀಳುತ್ತದೆ. ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಸೇರಿಸಿ. ಸೋಡಿಯಂ 2, ಹೈಡ್ರೋಜನ್ 2, ಕಾರ್ಬನ್ 2, ಆಕ್ಸಿಜನ್ 6 ಎರಡೂ ಕಡೆ ಹೊಂದುತ್ತವೆ.